ಪಾಸ್‌ಥ್ರೂ ಸಾಧನದ ಮೆಮೊರಿ ಗುಣ: ಗೆಸ್ಟ್ ಕೇಳಿದ್ದು ಗೆಸ್ಟ್‌ಗೆ ಸಿಗುವಂತೆ ಮಾಡುವುದು ಹೇಗೆ

ಒಂದು ಆರ್ಮ್ ಸರ್ವರ್ ಇದೆ. ಅದರಲ್ಲಿನ ವೇಗದ ನೆಟ್‌ವರ್ಕ್ ಕಾರ್ಡನ್ನೋ ಜಿಪಿಯುವನ್ನೋ ವಿಎಫ್‌ಐಒ (ಸಾಧನವನ್ನು ವಿಎಂ ಕೈಗೆ ಒಪ್ಪಿಸುವ ಲಿನಕ್ಸ್ ವ್ಯವಸ್ಥೆ) ಮೂಲಕ ನೇರವಾಗಿ ವರ್ಚುವಲ್ ಮೆಷಿನ್‌ಗೆ, ಅಂದರೆ ವಿಎಂಗೆ ಕೊಟ್ಟಿದ್ದೀರಿ. ಹೀಗೆ ಕೊಡುವುದೇ ಪಾಸ್‌ಥ್ರೂ. ವಿಎಂ ಒಳಗೆ ಓಡುವುದು ಗೆಸ್ಟ್, ಅದನ್ನು ಹೊತ್ತ ಯಂತ್ರ ಹೋಸ್ಟ್. ಹೋಸ್ಟ್‌ನಲ್ಲಿದ್ದಾಗ ಚುರುಕಾಗಿ ಓಡುತ್ತಿದ್ದ ಕಾರ್ಡು ವಿಎಂ ಒಳಗೆ ಹೋದ ಮೇಲೆ ಸಣ್ಣ ಸಣ್ಣ ಪ್ಯಾಕೆಟ್‌ಗಳಿಗೆ ತಿಣುಕುತ್ತದೆ. ಡ್ರೈವರ್ ಅದೇ, ಫರ್ಮ್‌ವೇರ್ ಅದೇ. ದೊಡ್ಡ ಡಿಎಂಎ ವರ್ಗಾವಣೆ (ಸಾಧನವೇ ಮೆಮೊರಿಯನ್ನು ನೇರವಾಗಿ ಓದಿ ಬರೆಯುವುದು) ಮಾತ್ರ ಎರಡೂ ಕಡೆ ಒಂದೇ ವೇಗ. ಹೀಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಮೆಮೊರಿ ಗುಣದ ಮೇಲೆ, ಅಂದರೆ ಸಾಧನದ ವಿಳಾಸಗಳನ್ನು ಪ್ರೊಸೆಸರ್ ಯಾವ ಕಟ್ಟುಪಾಡಿನಲ್ಲಿ ಮುಟ್ಟುತ್ತಿದೆ ಎಂಬುದರ ಮೇಲೆ.

ಗೆಸ್ಟ್‌ನ ಡ್ರೈವರ್ ಒಂದು ಗುಣ ಕೇಳಿರುತ್ತದೆ, ವಿಎಂಗಳನ್ನು ನಡೆಸುವ ಹೈಪರ್‌ವೈಸರ್ ಇನ್ನೊಂದನ್ನು ಕೊಟ್ಟಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಲಾಗ್‌ನಲ್ಲಿ ಯಾವ ದೂರೂ ಇರುವುದಿಲ್ಲ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಈ ಮಾರ್ಗದರ್ಶಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಮೊದಲು ಹಾರ್ಡ್‌ವೇರ್, ಆಮೇಲೆ ಹೋಸ್ಟ್ ಕರ್ನಲ್, ವಿಎಂ ನಡೆಸುವ ಪ್ರೋಗ್ರಾಮಾದ ಕ್ಯೂಇಎಂಯು, ಕೊನೆಗೆ ಗೆಸ್ಟ್ ಡ್ರೈವರ್. ಹೆಚ್ಚಿನವರು ಗೆಸ್ಟ್ ಡ್ರೈವರ್‌ನಿಂದ ಶುರು ಮಾಡಿ ದಿನಗಟ್ಟಲೆ ಅಲ್ಲೇ ಸುತ್ತುತ್ತಾರೆ. ಇಲ್ಲಿ ಹೇಳುವುದೆಲ್ಲ ಲಿನಕ್ಸ್, ಅದರೊಳಗಿನ ಹೈಪರ್‌ವೈಸರ್ ಆದ ಕೆವಿಎಂ ಮತ್ತು ಪಿಸಿಐ ಎಕ್ಸ್‌ಪ್ರೆಸ್ ಸಾಧನಗಳಿಗೆ. ಆಜ್ಞೆ, ಕಡತ, ಫಂಕ್ಷನ್‌ಗಳ ಹೆಸರನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಮೂಲ ಅಕ್ಷರಗಳನ್ನೇ ಬಳಸಿ.

ಗುಣಗಳಲ್ಲಿ ಬಗೆ

ಸಾಮಾನ್ಯ ರ‍್ಯಾಮ್‌ಗೆ ರೈಟ್ ಬ್ಯಾಕ್ ಕ್ಯಾಶ್. ಬರೆದದ್ದು ಕ್ಯಾಶ್‌ನಲ್ಲಿ ಉಳಿದು, ಪ್ರೊಸೆಸರ್‌ಗೆ ಅನುಕೂಲವಾದಾಗ ಮೆಮೊರಿಗೆ ಹೋಗುತ್ತದೆ. ಸಾಧನದ ಕಂಟ್ರೋಲ್ ರಿಜಿಸ್ಟರ್‌ಗೆ ಇದು ನಡೆಯುವುದಿಲ್ಲ. ಅಲ್ಲಿ ಪ್ರತಿ ಬರಹವೂ ಬರೆದ ಕ್ರಮದಲ್ಲೇ, ಬರೆದ ಗಾತ್ರದಲ್ಲೇ ತಲುಪಬೇಕು. ಕೆಲವು ರಿಜಿಸ್ಟರ್‌ಗಳನ್ನು ಸುಮ್ಮನೆ ಓದಿದರೂ ಇಂಟರಪ್ಟ್ ಸ್ಥಿತಿ ಅಳಿಸಿಹೋಗುತ್ತದೆ. ಹಾಗಾಗಿ ಅವಕ್ಕೆ ಅನ್‌ಕ್ಯಾಶ್ಡ್ ಗುಣವೇ ಬೇಕು.

ಇವೆರಡರ ನಡುವೆ ಇರುವುದು ರೈಟ್ ಕಂಬೈನಿಂಗ್, ಚಿಕ್ಕದಾಗಿ ಡಬ್ಲ್ಯುಸಿ. ಓದಿದ್ದು ಕ್ಯಾಶ್ ಆಗುವುದಿಲ್ಲ, ಆದರೆ ಅಕ್ಕಪಕ್ಕದ ಬರಹಗಳನ್ನು ಒಂದು ಬಫರ್‌ನಲ್ಲಿ ಕೂಡಿಸಿ ಒಟ್ಟಿಗೆ ಕಳಿಸಲು ಪ್ರೊಸೆಸರ್‌ಗೆ ಅನುಮತಿ ಇರುತ್ತದೆ. ಇದರಿಂದ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. 64 ಬಿಟ್ ವಿಳಾಸಕ್ಕೆ ಬರೆಯುವ ಪಿಸಿಐ ಎಕ್ಸ್‌ಪ್ರೆಸ್ ಪ್ಯಾಕೆಟ್‌ನ ಹೆಡರ್ 16 ಬೈಟ್. 64 ಬೈಟ್ ಮಾಹಿತಿಯನ್ನು ಎಂಟೆಂಟು ಬೈಟ್‌ಗಳಾಗಿ ಒಡೆದು ಕಳಿಸಿದರೆ ಎಂಟು ಪ್ಯಾಕೆಟ್, ಒಟ್ಟು 192 ಬೈಟ್. ಕೂಡಿಸಿ ಕಳಿಸಿದರೆ ಒಂದೇ ಪ್ಯಾಕೆಟ್, 80 ಬೈಟ್. ಲಿಂಕ್ ಪದರದ ಹೊರೆಯನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ಅಂತರ ಇನ್ನೂ ದೊಡ್ಡದಾಗುತ್ತದೆ. ಮೆಲನಾಕ್ಸ್ ಕಾರ್ಡುಗಳ ಬ್ಲೂಫ್ಲೇಮ್ ಸೌಲಭ್ಯ ನಿಂತಿರುವುದೇ ಇದರ ಮೇಲೆ. ಕೆಲಸದ ವಿವರವನ್ನು ಮೆಮೊರಿಯಲ್ಲಿಟ್ಟು ಗಂಟೆ ಬಾರಿಸುವ (ಡೋರ್‌ಬೆಲ್ ಎಂಬ ರಿಜಿಸ್ಟರ್‌ಗೆ ಬರೆದು ಕಾರ್ಡನ್ನು ಎಚ್ಚರಿಸುವ) ಬದಲು, ವಿವರವನ್ನೇ ಕಾರ್ಡಿನ ವಿಳಾಸಕ್ಕೆ ಒಂದೇ ಏಟಿಗೆ ಬರೆದುಬಿಡುತ್ತದೆ.

ಎಕ್ಸ್86ನಲ್ಲಿ ಈ ಗುಣಗಳನ್ನು ಎಂಟಿಆರ್‌ಆರ್ ರಿಜಿಸ್ಟರ್‌ಗಳೂ ಪೇಜ್ ಟೇಬಲ್‌ನಲ್ಲಿರುವ (ವಿಳಾಸ ಬದಲಿಸುವ ಕೋಷ್ಟಕದಲ್ಲಿರುವ) ಪ್ಯಾಟ್ ಸೂಚಿಯೂ ಸೇರಿ ನಿರ್ಧರಿಸುತ್ತವೆ. ಆರ್ಮ್ 64ರಲ್ಲಿ ಪೇಜ್ ಟೇಬಲ್ ನಮೂದು ಮೇರ್ ರಿಜಿಸ್ಟರ್‌ನ ಎಂಟು ಖಾನೆಗಳಲ್ಲಿ ಒಂದನ್ನು ತೋರಿಸುತ್ತದೆ. ಅಲ್ಲಿ ಸಾಧನಕ್ಕೆಂದೇ ಡಿವೈಸ್ ಎಂಬ ಪ್ರತ್ಯೇಕ ಜಾತಿ ಇದ್ದು, ಕೂಡಿಸುವುದು, ಕ್ರಮ ಬದಲಿಸುವುದು, ಮುಂಚಿತವಾಗಿ ಒಪ್ಪಿಗೆ ಹೇಳುವುದು ಎಂಬ ಮೂರು ಸ್ವಾತಂತ್ರ್ಯಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದರ ಮೇಲೆ ಅದರ ಒಳಬಗೆಗಳು ಹುಟ್ಟುತ್ತವೆ. ಸಾಧನದ ವಿಳಾಸವನ್ನು ಕರ್ನಲ್‌ಗೆ ತೆರೆದುಕೊಡುವ ಲಿನಕ್ಸ್‌ನ ಸಾಮಾನ್ಯ ಫಂಕ್ಷನ್ ಐಒರೀಮ್ಯಾಪ್ ಕೊಡುವುದು ಎನ್‌ಜಿಎನ್‌ಆರ್‌ಇ ಬಗೆಯನ್ನು: ಮುಂಚಿತ ಒಪ್ಪಿಗೆ ಉಂಟು, ಉಳಿದೆರಡು ಇಲ್ಲ. ಆರ್ಮ್‌ನಲ್ಲಿ ರೈಟ್ ಕಂಬೈನಿಂಗ್ ಕೇಳಿದರೆ ಸಿಗುವುದು ಡಿವೈಸ್ ಜಾತಿಯಲ್ಲ, ನಾರ್ಮಲ್ ನಾನ್‌ಕ್ಯಾಶಬಲ್. ಇದಕ್ಕೆ ಇನ್ನೊಂದು ಪರಿಣಾಮವೂ ಇದೆ. ಡಿವೈಸ್ ಜಾತಿಯ ಮೆಮೊರಿಯಲ್ಲಿ ಅಲೈನ್ ಆಗದ ವಿಳಾಸ ಮುಟ್ಟಿದರೆ ಅಲೈನ್‌ಮೆಂಟ್ ಫಾಲ್ಟ್ ಖಚಿತ. ಸೊನ್ನೆ ತುಂಬುವ ವಿಶೇಷ ಸೂಚನೆ ಡಿಸಿ ಝಡ್‌ವಿಎ ಕೂಡ ಅಲ್ಲಿ ಓಡುವುದಿಲ್ಲ. ನಾರ್ಮಲ್ ನಾನ್‌ಕ್ಯಾಶಬಲ್‌ನಲ್ಲಿ ಎರಡೂ ನಡೆಯುತ್ತವೆ. ಅಂದರೆ ಆರ್ಮ್‌ನಲ್ಲಿ ಗುಣ ತಪ್ಪಿದರೆ ಬರಿ ವೇಗವಲ್ಲ, ಪ್ರೋಗ್ರಾಮೇ ಕುಸಿಯಬಹುದು.

ಎರಡು ಟೇಬಲ್, ಒಂದು ಉತ್ತರ

ವಿಎಂನಲ್ಲಿ ವಿಳಾಸ ಎರಡು ಬಾರಿ ಬದಲಾಗುತ್ತದೆ. ಗೆಸ್ಟ್‌ನ ಪೇಜ್ ಟೇಬಲ್ ಮೊದಲ ಹಂತ, ಕೆವಿಎಂ ಹಿಡಿದಿರುವ ಟೇಬಲ್ ಎರಡನೇ ಹಂತ. ಎರಡರಲ್ಲೂ ಗುಣದ ನಮೂದು ಇರುತ್ತದೆ. ಪ್ರೊಸೆಸರ್ ಅವೆರಡನ್ನೂ ಸೇರಿಸಿ ಒಂದು ಉತ್ತರಕ್ಕೆ ಬರುತ್ತದೆ.

ಆರ್ಮ್‌ನಲ್ಲಿ ಮೂಲ ನಿಯಮ ಸರಳ, ಎರಡರಲ್ಲಿ ಬಿಗಿಯಾದದ್ದು ಗೆಲ್ಲುತ್ತದೆ. ಕೆವಿಎಂ ಬಹುಕಾಲ ಎಲ್ಲ ಸಾಧನ ಮೆಮೊರಿಯನ್ನೂ ಎರಡನೇ ಹಂತದಲ್ಲಿ ಡಿವೈಸ್ ಎನ್‌ಜಿಎನ್‌ಆರ್‌ಇ ಎಂದೇ ಗುರುತಿಸುತ್ತಿತ್ತು. ಗೆಸ್ಟ್ ನಾರ್ಮಲ್ ನಾನ್‌ಕ್ಯಾಶಬಲ್ ಕೇಳಿದರೂ ಸಿಗುತ್ತಿದ್ದದ್ದು ಡಿವೈಸ್. ಎನ್‌ವಿಡಿಯಾದ ಎಂಜಿನಿಯರುಗಳು ಕಳಿಸಿದ ತಿದ್ದುಪಡಿ ಲಿನಕ್ಸ್ 6.9ರಲ್ಲಿ, ಅಂದರೆ 2024ರ ಮೇ ತಿಂಗಳಲ್ಲಿ ಬಂದ ಕರ್ನಲ್‌ನಲ್ಲಿ ಸೇರಿ ಈ ಗಂಟು ಬಿಡಿಸಿತು. ವಿಎಫ್‌ಐಒ ಪಿಸಿಐ ಡ್ರೈವರ್ ತಾನು ಮ್ಯಾಪ್ ಮಾಡುವ ಜಾಗಕ್ಕೆ ವಿಎಂ_ಅಲೌ_ಎನಿ_ಅನ್‌ಕ್ಯಾಶ್ಡ್ ಎಂಬ ಗುರುತು ಹಾಕುತ್ತದೆ. ಕೆವಿಎಂ ಆ ಗುರುತು ಕಂಡರೆ ಎರಡನೇ ಹಂತದಲ್ಲಿ ನಾರ್ಮಲ್ ನಾನ್‌ಕ್ಯಾಶಬಲ್ ಬರೆಯುತ್ತದೆ. ಇಲ್ಲೂ ಬಿಗಿಯಾದದ್ದೇ ಗೆಲ್ಲುವುದರಿಂದ ಗೆಸ್ಟ್ ಡಿವೈಸ್ ಕೇಳಿದರೆ ಡಿವೈಸ್, ನಾನ್‌ಕ್ಯಾಶಬಲ್ ಕೇಳಿದರೆ ನಾನ್‌ಕ್ಯಾಶಬಲ್. ರೈಟ್ ಬ್ಯಾಕ್ ಕೇಳಿದರೆ ಮಾತ್ರ ಸಿಗದು, ನಾನ್‌ಕ್ಯಾಶಬಲ್‌ಗೇ ನಿಲ್ಲುತ್ತದೆ. ಗೆಸ್ಟ್ ಇನ್ನೂ ಎಂಎಂಯು (ಪೇಜ್ ಟೇಬಲ್ ನೋಡಿ ವಿಳಾಸ ಬದಲಿಸುವ ಘಟಕ) ಚಾಲೂ ಮಾಡದ ಆರಂಭದ ಹೊತ್ತಿನಲ್ಲೂ ಭಯವಿಲ್ಲ, ಆಗ ಡೇಟಾ ಓದುಬರಹವೆಲ್ಲ ಡಿವೈಸ್ ಎಂದೇ ನಡೆಯುತ್ತದೆ.

ಈ ಸಡಿಲಿಕೆ ಎಲ್ಲ ಸಾಧನಗಳಿಗೂ ಇಲ್ಲ. ವಿಎಫ್‌ಐಒ ಪ್ಲಾಟ್‌ಫಾರ್ಮ್ ಮೂಲಕ ಕೊಟ್ಟ ಚಿಪ್ ಒಳಗಿನ ಸಾಧನಗಳು, ಆರ್ಮ್‌ನ ಇಂಟರಪ್ಟ್ ನಿಯಂತ್ರಕವಾದ ಜಿಐಸಿಯ ಎರಡನೇ ಆವೃತ್ತಿಯ ವರ್ಚುವಲ್ ಇಂಟರ್‌ಫೇಸ್ ಮುಂತಾದವು ಹಿಂದಿನಂತೆ ಡಿವೈಸ್ ಆಗಿಯೇ ಉಳಿದಿವೆ. ಪಿಸಿಐ ಸಾಧನದ ಮುಂದೆ ರೂಟ್ ಕಾಂಪ್ಲೆಕ್ಸ್ (ಪ್ರೊಸೆಸರನ್ನು ಪಿಸಿಐಗೆ ಜೋಡಿಸುವ ಘಟಕ) ನಿಂತು ತಪ್ಪು ಓದುಬರಹವನ್ನು ತಾಳಿಕೊಳ್ಳುತ್ತದೆ ಎಂದು ನಂಬಬಹುದು. ಬೇರೆ ಬಸ್‌ಗಳಲ್ಲಿ ಆ ನಂಬಿಕೆಗೆ ಆಧಾರವಿಲ್ಲ, ಒಂದು ಗೆಸ್ಟ್‌ನ ಅಡ್ಡಾದಿಡ್ಡಿ ಓದು ಇಡೀ ಯಂತ್ರವನ್ನು ಬೀಳಿಸಬಹುದು. ನನ್ನ ಮಟ್ಟಿಗೆ ಇದು ಸರಿಯಾದ ಗೆರೆ.

ಇಂಟೆಲ್‌ನಲ್ಲಿ ಎರಡನೇ ಹಂತಕ್ಕೆ ಇಪಿಟಿ ಎಂದು ಹೆಸರು. ಅದರ ನಮೂದಿನಲ್ಲಿ 3ರಿಂದ 5ರವರೆಗಿನ ಬಿಟ್‌ಗಳು ಗುಣ ಹೇಳುತ್ತವೆ, 6ನೇ ಬಿಟ್ ಗೆಸ್ಟ್‌ನ ಪ್ಯಾಟನ್ನು ಕಡೆಗಣಿಸು ಎನ್ನುತ್ತದೆ. ಸಾಧನ ಮೆಮೊರಿಗೆ ಕೆವಿಎಂ ಅನ್‌ಕ್ಯಾಶ್ಡ್ ಎಂದು ಬರೆದು 6ನೇ ಬಿಟ್ಟನ್ನು ಖಾಲಿ ಬಿಡುತ್ತದೆ. ಆರ್ಮ್‌ನ ತರ್ಕ ತಲೆಯಲ್ಲಿಟ್ಟುಕೊಂಡು ನೋಡಿದರೆ ಗೆಸ್ಟ್‌ಗೆ ಏನೂ ಸಿಗಬಾರದು ಅನ್ನಿಸುತ್ತದೆ. ಆದರೆ ಎಕ್ಸ್86ರ ಸೇರಿಸುವ ಕೋಷ್ಟಕದಲ್ಲಿ ಕೆಳಗೆ ಅನ್‌ಕ್ಯಾಶ್ಡ್ ಇದ್ದು ಪ್ಯಾಟ್ ರೈಟ್ ಕಂಬೈನಿಂಗ್ ಕೇಳಿದರೆ ಉತ್ತರ ರೈಟ್ ಕಂಬೈನಿಂಗ್! ರೈಟ್ ಬ್ಯಾಕ್ ಕೇಳಿದರೆ ಅನ್‌ಕ್ಯಾಶ್ಡ್. ಹೀಗೆ ಎರಡು ವಾಸ್ತುಶಿಲ್ಪಗಳೂ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ: ಕ್ಯಾಶ್ ಮಾಡುವುದೊಂದು ಬಿಟ್ಟು ಉಳಿದ ಆಯ್ಕೆ ಗೆಸ್ಟ್‌ನದು. ಎಎಂಡಿಯಲ್ಲೂ ಗೆಸ್ಟ್‌ನ ಪ್ಯಾಟ್‌ಗೆ ಮನ್ನಣೆ ಇದೆ. ಈ ಕಾರಣಕ್ಕೇ ಎಕ್ಸ್86ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಆರ್ಮ್ ಸರ್ವರ್‌ಗೆ ಬಂದಾಗ ಈ ಸಮಸ್ಯೆ ಹೊಸದಾಗಿ ಎದುರಾಗುತ್ತದೆ.

ಹಂತ 1: ಸಾಧನದ ಬಾರ್‌ಗಳನ್ನು ಓದಿಕೊಳ್ಳಿ

ಹೋಸ್ಟ್‌ನಲ್ಲಿ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಹೆಚ್ಚು ವಿವರದ ಆಯ್ಕೆಯೊಂದಿಗೆ ಓಡಿಸಿ. ಸಾಧನದ ಪ್ರತಿ ಬಾರ್‌ಗೂ (ಸಾಧನ ಹೊರಗೆ ತೋರಿಸುವ ಒಂದೊಂದು ವಿಳಾಸ ಪ್ರದೇಶಕ್ಕೂ) ಒಂದು ಸಾಲು ಬರುತ್ತದೆ: ವಿಳಾಸ, 32 ಬಿಟ್ ಅಥವಾ 64 ಬಿಟ್, ಪ್ರಿಫೆಚಬಲ್ ಹೌದೋ ಅಲ್ಲವೋ, ಗಾತ್ರ. ಪ್ರಿಫೆಚಬಲ್ ಎಂದಿದ್ದರೆ ಓದುವುದರಿಂದ ಅಡ್ಡ ಪರಿಣಾಮ ಇಲ್ಲ, ಬರಹಗಳನ್ನು ಕೂಡಿಸಿದರೂ ತೊಂದರೆ ಇಲ್ಲ ಎಂದು ತಯಾರಕರೇ ಹೇಳಿದಂತೆ. ಜಿಪಿಯುವಿನ ದೊಡ್ಡ ವಿಡಿಯೋ ಮೆಮೊರಿ ಬಾರ್ ಸಾಮಾನ್ಯವಾಗಿ ಹೀಗಿರುತ್ತದೆ.

ಆದರೆ ಪ್ರಿಫೆಚಬಲ್ ಗುರುತೊಂದನ್ನೇ ನೆಚ್ಚಬೇಡಿ. ಕೆಲವು ತಯಾರಕರು ದೊಡ್ಡ ಬಾರನ್ನು 4 ಜಿಬಿಗಿಂತ ಮೇಲೆ ಇರಿಸಲೆಂದೇ ಆ ಗುರುತು ಹಾಕಿರುತ್ತಾರೆ, ಒಳಗೆ ಕಂಟ್ರೋಲ್ ರಿಜಿಸ್ಟರ್‌ಗಳೂ ಇರುತ್ತವೆ. ಸಾಧನದ ಕೈಪಿಡಿ ಅಥವಾ ಡ್ರೈವರ್ ಮೂಲ ನೋಡಿ ಒಂದು ಪಟ್ಟಿ ಬರೆದುಕೊಳ್ಳಿ: ಯಾವ ಬಾರ್‌ನ ಯಾವ ಆಫ್‌ಸೆಟ್‌ನಿಂದ ಎಲ್ಲಿಯವರೆಗೆ ಬರಿ ಮಾಹಿತಿ, ಎಲ್ಲಿ ರಿಜಿಸ್ಟರ್, ಎಲ್ಲಿ ಡೋರ್‌ಬೆಲ್, ಎಂಎಸ್‌ಐ ಎಕ್ಸ್ ಟೇಬಲ್ (ಸಾಧನದ ಇಂಟರಪ್ಟ್‌ಗಳ ವಿವರ ಇರುವ ಕೋಷ್ಟಕ) ಎಲ್ಲಿ. ಕೊನೆಯದು ಎಲ್‌ಎಸ್‌ಪಿಸಿಐ ವರದಿಯಲ್ಲೇ ಸಿಗುತ್ತದೆ, ಮೂರನೇ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 2: ಹೋಸ್ಟನ್ನು ಅಣಿಗೊಳಿಸಿ

ಐಒಎಂಎಂಯು (ಸಾಧನದ ಡಿಎಂಎ ವಿಳಾಸಗಳನ್ನು ಬದಲಿಸಿ ಕಾಯುವ ಘಟಕ) ಚಾಲೂ ಇರಬೇಕು. ಇಂಟೆಲ್‌ನಲ್ಲಿ ಬೂಟ್ ಸಾಲಿಗೆ ಇಂಟೆಲ್_ಐಒಎಂಎಂಯು=ಆನ್ ಸೇರಿಸಬೇಕಾಗಬಹುದು. ಸಾಧನದ ಡ್ರೈವರ್_ಓವರ್‌ರೈಡ್ ಕಡತಕ್ಕೆ ವಿಎಫ್‌ಐಒ-ಪಿಸಿಐ ಎಂದು ಬರೆದು, ಹಳೆಯ ಡ್ರೈವರ್‌ನಿಂದ ಬಿಡಿಸಿ, ಡ್ರೈವರ್ಸ್_ಪ್ರೋಬ್ ಕಡತಕ್ಕೆ ಸಾಧನದ ವಿಳಾಸ ಕೊಡಿ. ಒಂದೇ ಐಒಎಂಎಂಯು ಗುಂಪಿನಲ್ಲಿರುವ ಬೇರೆ ಸಾಧನಗಳನ್ನೂ ಬಿಡಿಸಬೇಕು. ಇದು ಎಲ್ಲ ಪಾಸ್‌ಥ್ರೂ ಬರಹಗಳಲ್ಲೂ ಇರುವ ಮಾತು, ಇಲ್ಲಿ ಬೆಳೆಸುವುದಿಲ್ಲ.

ನಮ್ಮ ವಿಷಯಕ್ಕೆ ಬೇಕಾದದ್ದು ಕರ್ನಲ್ ಆವೃತ್ತಿ. ಆರ್ಮ್ ಹೋಸ್ಟ್‌ನಲ್ಲಿ ಯುನೇಮ್ ಆಜ್ಞೆ 6.9 ಅಥವಾ ಅದಕ್ಕಿಂತ ಹೊಸದನ್ನು ತೋರಿಸಿದರೆ ನೆಮ್ಮದಿ. ಹಳೆಯ ಸಂಖ್ಯೆ ಕಂಡರೂ ಕೈಬಿಡಬೇಡಿ, ಉದ್ಯಮಗಳಿಗೆಂದು ತಯಾರಾಗುವ ವಿತರಣೆಗಳು ಇಂಥ ತಿದ್ದುಪಡಿಗಳನ್ನು ಹಳೆಯ ಕರ್ನಲ್‌ಗೂ ಹೊಂದಿಸಿ ಕೊಡುವುದುಂಟು. ಅದರ ಕರ್ನಲ್ ಮೂಲದಲ್ಲಿ ಮೇಲೆ ಹೇಳಿದ ಗುರುತಿನ ಹೆಸರು ಇದೆಯೇ ಎಂದು ಹುಡುಕಿದರೆ ಅನುಮಾನ ಮುಗಿಯುತ್ತದೆ. ಗೆಸ್ಟ್ ಕರ್ನಲ್ ಯಾವ ಆವೃತ್ತಿಯಾದರೂ ಈ ಒಂದು ಬದಲಾವಣೆಗೆ ಸಂಬಂಧವಿಲ್ಲ, ಇದು ಪೂರ್ತಿ ಹೋಸ್ಟ್‌ನ ಕೈಯಲ್ಲಿರುವ ವಿಚಾರ.

ವಿಎಂಗೆ ಕೊಡುವ ಮುಂಚೆ ಆರನೇ ಹಂತದ ಅಳತೆಯನ್ನು ಹೋಸ್ಟ್‌ನಲ್ಲೇ ಒಮ್ಮೆ ಮಾಡಿಟ್ಟುಕೊಳ್ಳಿ. ಹೋಲಿಸಲು ಹೋಸ್ಟ್‌ನ ಅಂಕಿ ಇಲ್ಲದಿದ್ದರೆ ಗೆಸ್ಟ್‌ನ ಅಂಕಿಗೆ ಅರ್ಥವಿಲ್ಲ.

ಹಂತ 3: ಬಾರ್ ನಿಜವಾಗಿಯೂ ನೇರ ಮ್ಯಾಪ್ ಆಗಿದೆಯೇ?

ಬಹಳ ಜನ ಹಾರಿಬಿಡುವ ಹಂತ ಇದು. ಸಾಧನ ಪಾಸ್‌ಥ್ರೂ ಆದ ಮಾತ್ರಕ್ಕೆ ಅದರ ಎಲ್ಲ ಬಾರ್‌ಗಳೂ ಗೆಸ್ಟ್‌ಗೆ ನೇರವಾಗಿ ತೆರೆದುಕೊಳ್ಳುವುದಿಲ್ಲ. ಕೆಲವು ಪುಟಗಳನ್ನು ಕ್ಯೂಇಎಂಯು ತಡೆಹಿಡಿದು ತಾನೇ ಓದಿ ಬರೆಯುತ್ತದೆ. ಅಲ್ಲಿ ಗೆಸ್ಟ್‌ನ ಪ್ರತಿ ಬರಹಕ್ಕೂ ವಿಎಂನಿಂದ ಹೊರಬರಬೇಕು. ಅಂಥ ಜಾಗಕ್ಕೆ ಗುಣ ಏನೆಂದು ಚರ್ಚಿಸುವುದೇ ವ್ಯರ್ಥ.

ಕ್ಯೂಇಎಂಯು ಮಾನಿಟರ್‌ನಲ್ಲಿ ಇನ್ಫೋ ಎಂ-ಟ್ರೀ (ಮೆಮೊರಿ ಟ್ರೀ) ಆಜ್ಞೆ ಕೊಡಿ. ಸಾಧನದ ವಿಳಾಸ, ಬಾರ್ ಸಂಖ್ಯೆ, ಅದರ ಮುಂದೆ ಎಂಮ್ಯಾಪ್ಸ್ ಎಂಬ ಪದ ಇರುವ ಸಾಲು ಕಂಡರೆ ಆ ಭಾಗ ನೇರ ಮ್ಯಾಪ್ ಆಗಿದೆ. ಬಾರ್‌ನ ಸಾಲು ಇದ್ದು ಎಂಮ್ಯಾಪ್ಸ್ ಇಲ್ಲದಿದ್ದರೆ ತಡೆಹಿಡಿದಿದೆ. ಯಾರೋ ದೋಷ ಹುಡುಕುವಾಗ ಹಾಕಿದ ಎಕ್ಸ್-ನೋ-ಎಂಮ್ಯಾಪ್ ಆಯ್ಕೆ ಹಾಗೇ ಉಳಿದುಹೋಗಿರುವುದು ಒಂದು ಕಾರಣ. ಇನ್ನೊಂದು, ಎಂಎಸ್‌ಐ ಎಕ್ಸ್ ಟೇಬಲ್. ಆ ಟೇಬಲನ್ನು ಕ್ಯೂಇಎಂಯು ತಾನೇ ಅನುಕರಿಸುತ್ತದೆ, ಹಾಗಾಗಿ ಅದಿರುವ ಇಡೀ ಪುಟ ತಡೆಗೆ ಸಿಗುತ್ತದೆ. ಪುಟ 4 ಕೆಬಿ ಇದ್ದರೆ ನಷ್ಟ ಕಡಿಮೆ. ಆರ್ಮ್ ಹೋಸ್ಟ್ 64 ಕೆಬಿ ಪುಟದ ಕರ್ನಲ್ ಓಡಿಸುತ್ತಿದ್ದರೆ ಟೇಬಲ್‌ನ ಅಕ್ಕಪಕ್ಕದ ಡೋರ್‌ಬೆಲ್‌ಗಳೂ ಆ ಬಲೆಗೆ ಬೀಳುತ್ತವೆ. ಮೊದಲ ಹಂತದಲ್ಲಿ ಬರೆದುಕೊಂಡ ಆಫ್‌ಸೆಟ್ ಈಗ ಕೆಲಸಕ್ಕೆ ಬಂತು. ಇಂಥ ಸಂದರ್ಭಕ್ಕೆ ಸಾಧನದ ಸಾಲಿನಲ್ಲಿ ಎಕ್ಸ್-ಎಂಎಸ್‌ಐಎಕ್ಸ್-ರೀಲೊಕೇಶನ್ ಆಯ್ಕೆ ಇದೆ. ಟೇಬಲ್ ಬೇರೆ ಬಾರ್‌ನಲ್ಲಿದೆ ಎಂದು ಗೆಸ್ಟ್‌ಗೆ ತೋರಿಸಿ ಮೂಲ ಬಾರನ್ನು ಬಿಡಿಸಿಕೊಡುತ್ತದೆ. ಹೆಸರಿನ ಮುಂದೆ ಎಕ್ಸ್ ಇರುವ ಆಯ್ಕೆಗಳು ಪ್ರಾಯೋಗಿಕ, ಟೇಬಲ್‌ನ ಮೂಲ ಜಾಗವನ್ನೇ ನಂಬಿದ ಡ್ರೈವರ್ ಇದ್ದರೆ ಮುನಿಸಿಕೊಳ್ಳಬಹುದು.

ತಡೆ ನಡೆಯುತ್ತಿದೆಯೇ ಎಂಬುದಕ್ಕೆ ಇನ್ನೊಂದು ಸಾಕ್ಷಿ, ಕೆಲಸದ ಹೊತ್ತಿನಲ್ಲಿ ಹೋಸ್ಟ್‌ನಲ್ಲಿ ಪರ್ಫ್ ಕೆವಿಎಂ ಸ್ಟ್ಯಾಟ್ ಓಡಿಸುವುದು. ಸಾಧನಕ್ಕೆ ಬರೆದಷ್ಟೂ ನಿರ್ಗಮನಗಳ ಎಣಿಕೆ ಏರುತ್ತಿದ್ದರೆ ಗುಣದ ಗೊಡವೆ ಬಿಟ್ಟು ಮೊದಲು ಈ ಹಂತ ಸರಿಪಡಿಸಿ.

ಹಂತ 4: ಗೆಸ್ಟ್ ಡ್ರೈವರ್ ಸರಿಯಾದ ಗುಣ ಕೇಳಲಿ

ಕೆಳಗಿನ ಪದರಗಳು ದಾರಿ ಬಿಟ್ಟ ಮೇಲೆ ಗೆಸ್ಟ್ ಕೇಳಬೇಕು. ಲಿನಕ್ಸ್ ಡ್ರೈವರ್‌ನಲ್ಲಿ ಇಡೀ ಬಾರ್‌ಗೆ ಪಿಸಿಐ_ಐಒಮ್ಯಾಪ್_ಡಬ್ಲ್ಯುಸಿ, ಬಾರ್‌ನ ಒಂದು ಭಾಗಕ್ಕೆ ಪಿಸಿಐ_ಐಒಮ್ಯಾಪ್_ಡಬ್ಲ್ಯುಸಿ_ರೇಂಜ್, ಕಚ್ಚಾ ವಿಳಾಸಕ್ಕೆ ಐಒರೀಮ್ಯಾಪ್_ಡಬ್ಲ್ಯುಸಿ. ಬಳಕೆದಾರ ಪ್ರೋಗ್ರಾಮಿಗೆ ಮ್ಯಾಪ್ ಮಾಡಿಕೊಡುವಾಗ ಪಿಜಿಪ್ರಾಟ್_ರೈಟ್‌ಕಂಬೈನ್. ಗೆಸ್ಟ್ ವಿಂಡೋಸ್ ಆಗಿದ್ದರೆ ಎಂಎಂಮ್ಯಾಪ್‌ಐಒಸ್ಪೇಸ್‌ಇಎಕ್ಸ್ ಫಂಕ್ಷನ್‌ಗೆ ಪೇಜ್ ರೈಟ್ ಕಂಬೈನ್ ಗುರುತು ಕೊಡಬೇಕು.

ಮಾಹಿತಿಯೂ ರಿಜಿಸ್ಟರೂ ಒಂದೇ ಬಾರ್‌ನಲ್ಲಿದ್ದರೆ ಎರಡು ಭಾಗ ಮಾಡಿ ಬೇರೆ ಬೇರೆ ಮ್ಯಾಪ್ ಮಾಡಿ, ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. ಎಕ್ಸ್86 ಕರ್ನಲ್ ಒಂದೇ ಭೌತಿಕ ಜಾಗಕ್ಕೆ ಎರಡು ಗುಣ ಕೇಳಿದರೆ ಗುಣಗಳ ಘರ್ಷಣೆ ಎಂದು ದೂರುತ್ತದೆ. ಆರ್ಮ್ ಕರ್ನಲ್‌ನಲ್ಲಿ ಅಂಥ ಲೆಕ್ಕಪುಸ್ತಕ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಕ್ರಮದ ಭರವಸೆ ಮಾತ್ರ ಸದ್ದಿಲ್ಲದೆ ಕಳೆದುಹೋಗುತ್ತದೆ.

ಕೇಳಿದ್ದು ಟೇಬಲ್‌ನಲ್ಲಿ ಬಿದ್ದಿದೆಯೇ ಎಂದು ಗೆಸ್ಟ್ ಒಳಗೆ ನೋಡಬಹುದು. ಎಕ್ಸ್86ನಲ್ಲಿ ಡೀಬಗ್ ಕಡತವ್ಯವಸ್ಥೆಯ ಎಕ್ಸ್86 ಕೋಶದಲ್ಲಿ ಪ್ಯಾಟ್_ಮೆಮ್‌ಟೈಪ್_ಲಿಸ್ಟ್ ಎಂಬ ಕಡತ ಇದೆ, ಪ್ರತಿ ಜಾಗದ ಗುಣ ಅಲ್ಲಿ ಸಾಲಾಗಿ ಸಿಗುತ್ತದೆ. ಬೂಟ್ ಲಾಗ್‌ನಲ್ಲಿ ಪ್ಯಾಟ್ ಕಾನ್ಫಿಗರೇಶನ್ ಸಾಲು ಇದ್ದು ಅದರಲ್ಲಿ ಡಬ್ಲ್ಯುಸಿ ಇರಲೇಬೇಕು. ಇಲ್ಲದಿದ್ದರೆ ಯಾರಾದರೂ ನೋಪ್ಯಾಟ್ ಎಂದು ಬೂಟ್ ಸಾಲಿಗೆ ಸೇರಿಸಿದ್ದಾರೆಯೇ ನೋಡಿ. ಆರ್ಮ್ 64ರಲ್ಲಿ ಡೀಬಗ್ ಆಯ್ಕೆಯೊಂದಿಗೆ ಕಟ್ಟಿದ ಕರ್ನಲ್ ಆದರೆ ಕರ್ನಲ್_ಪೇಜ್_ಟೇಬಲ್ಸ್ ಕಡತದಲ್ಲಿ ಮೆಮ್/ನಾರ್ಮಲ್-ಎನ್‌ಸಿ ಅಥವಾ ಡಿವೈಸ್/ಎನ್‌ಜಿಎನ್‌ಆರ್‌ಇ ಎಂದು ಬರೆದಿರುತ್ತದೆ. ನೆನಪಿಡಿ, ಇವೆಲ್ಲ ತೋರಿಸುವುದು ಗೆಸ್ಟ್‌ನ ಪೇಜ್ ಟೇಬಲನ್ನು ಮಾತ್ರ. ಗೆಸ್ಟ್ ಏನು ಕೇಳಿತು ಎಂಬುದು ಇಲ್ಲಿದೆ, ಏನು ಸಿಕ್ಕಿತು ಎಂಬುದು ಇಲ್ಲಿಲ್ಲ. ಅದಕ್ಕೆ ಅಳತೆಯೇ ಬೇಕು.

ಹಂತ 5: ಬ್ಯಾರಿಯರ್‌ಗಳನ್ನು ಮತ್ತೆ ಪರಿಶೀಲಿಸಿ

ಹೋಸ್ಟನ್ನು 6.9ಕ್ಕೆ ಏರಿಸಿದ ಮೇಲೆ ವೇಗ ಹೆಚ್ಚಿತು, ಆದರೆ ಆಗೊಮ್ಮೆ ಈಗೊಮ್ಮೆ ಸಾಧನ ತಪ್ಪು ಮಾಹಿತಿ ಎತ್ತಿಕೊಳ್ಳುತ್ತಿದೆ. ಹೀಗಾದರೆ ಹೊಸ ಕರ್ನಲ್ಲನ್ನು ಬೈಯುವ ಮುಂಚೆ ಡ್ರೈವರ್ ಓದಿ. ಹಿಂದೆ ಕೆವಿಎಂ ಟೇಬಲ್‌ನ ಡಿವೈಸ್ ಗುಣವೇ ಕ್ರಮ ಕಾಪಾಡುತ್ತಿತ್ತು, ಡ್ರೈವರ್‌ನ ಸಡಿಲು ಮುಚ್ಚಿಹೋಗಿತ್ತು. ಈಗ ಪ್ರೊಸೆಸರ್‌ಗೆ ಸ್ವಾತಂತ್ರ್ಯ ಸಿಕ್ಕಿದೆ.

ಸರಿಯಾದ ಕ್ರಮ ಹೀಗೆ. ಮಾಹಿತಿಯನ್ನು ರೈಟ್ ಕಂಬೈನಿಂಗ್ ಜಾಗಕ್ಕೆ ಬರೆಯಿರಿ. ಡಬ್ಲ್ಯುಎಂಬಿ ಎಂಬ ಬ್ಯಾರಿಯರ್ (ಹಿಂದಿನ ಬರಹಗಳು ಮುಂದಿನವಕ್ಕಿಂತ ಮೊದಲೇ ಹೋಗುವಂತೆ ಮಾಡುವ ಸೂಚನೆ) ಕರೆಯಿರಿ. ಆಮೇಲೆ ಅನ್‌ಕ್ಯಾಶ್ಡ್ ಜಾಗದಲ್ಲಿರುವ ಡೋರ್‌ಬೆಲ್ ಒತ್ತಿ. ಡಬ್ಲ್ಯುಎಂಬಿ ಎಕ್ಸ್86ರಲ್ಲಿ ಎಸ್‌ಫೆನ್ಸ್ ಆಗುತ್ತದೆ, ಆರ್ಮ್ 64ರಲ್ಲಿ ಬರಹಗಳಿಗಾಗಿನ ಡಿಎಸ್‌ಬಿ ಆಗುತ್ತದೆ. ಎಕ್ಸ್86ರಲ್ಲಿ ಅನ್‌ಕ್ಯಾಶ್ಡ್ ಬರಹವೊಂದು ಬಂದರೆ ಕಂಬೈನಿಂಗ್ ಬಫರ್ ತಾನಾಗಿ ಖಾಲಿಯಾಗುತ್ತದೆ. ಹಾಗಾಗಿ ಬ್ಯಾರಿಯರ್ ಮರೆತ ಡ್ರೈವರ್ ಅಲ್ಲಿ ವರ್ಷಗಟ್ಟಲೆ ಓಡಿ, ಆರ್ಮ್‌ಗೆ ಬಂದ ದಿನವೇ ಮುಗ್ಗರಿಸುತ್ತದೆ.

ಇನ್ನೊಂದು ವಿಚಾರ, ಕೂಡಿಸುವುದು ಅನುಮತಿಯೇ ಹೊರತು ಭರವಸೆಯಲ್ಲ. 64 ಬೈಟ್ ಬರೆದದ್ದು ನಡುವೆ ಇಂಟರಪ್ಟ್ ಬಂದರೆ ಎರಡು ತುಂಡಾಗಿ ಹೋಗಬಹುದು, ಸಾಧನ ಅದನ್ನು ತಾಳಿಕೊಳ್ಳಬೇಕು. ಬರಹಗಳ ನಡುವೆ ಬೇರೆ ಓದುಗಳು ತೂರಿಕೊಂಡರೆ ಕೆಲವು ಆರ್ಮ್ ಪ್ರೊಸೆಸರ್‌ಗಳು ಕೂಡಿಸುವುದನ್ನೇ ಬಿಡುತ್ತವೆ. ಕಂಪೈಲರ್‌ನ ಮರ್ಜಿಗೆ ಬಿಡದೆ ಕರ್ನಲ್‌ನ __ಐಒರೈಟ್64_ಕಾಪಿ ಬಳಸಿ. 6.10ರಿಂದ ಆರ್ಮ್ 64ರಲ್ಲಿ ಅದು 64 ಬೈಟ್‌ಗೆ ಎಂಟು ಸ್ಟೋರ್‌ಗಳನ್ನು ಒಂದರ ಹಿಂದೆ ಒಂದರಂತೆ, ನಡುವೆ ಏನೂ ನುಸುಳದಂತೆ ಹಾಕುತ್ತದೆ.

ಹಂತ 6: ಅಳೆಯಿರಿ

ಡ್ರೈವರ್ ಬರೆಯದೆಯೂ ಅಳೆಯಬಹುದು. ಸಿಸ್ ಕಡತವ್ಯವಸ್ಥೆಯಲ್ಲಿ ಪಿಸಿಐ ಸಾಧನದ ಕೋಶದೊಳಗೆ ರಿಸೋರ್ಸ್0 ಮುಂತಾದ ಕಡತಗಳಿವೆ. ಪ್ರಿಫೆಚಬಲ್ ಬಾರ್‌ಗೆ ಮಾತ್ರ ಅದರ ಜೊತೆಗೆ ರಿಸೋರ್ಸ್0_ಡಬ್ಲ್ಯುಸಿ ಎಂಬ ಜೋಡಿ ಕಡತ ಹುಟ್ಟುತ್ತದೆ. ಆರ್ಮ್ 64ರಲ್ಲಿ ಈ ಜೋಡಿ ಬಂದದ್ದು ಲಿನಕ್ಸ್ 5.10ರಿಂದ. ಮೊದಲನೆಯದನ್ನು ಮ್ಯಾಪ್ ಮಾಡಿದರೆ ಅನ್‌ಕ್ಯಾಶ್ಡ್, ಎರಡನೆಯದನ್ನು ಮಾಡಿದರೆ ರೈಟ್ ಕಂಬೈನಿಂಗ್.

ಮೊದಲು ಸಾಧನವನ್ನು ಅದರ ಡ್ರೈವರ್‌ನಿಂದ ಬಿಡಿಸಿ, ಎನೇಬಲ್ ಕಡತಕ್ಕೆ 1 ಬರೆಯಿರಿ. ಸೆಕ್ಯೂರ್ ಬೂಟ್‌ನಿಂದ ಕರ್ನಲ್ ಲಾಕ್‌ಡೌನ್ ಆಗಿದ್ದರೆ ಈ ಕಡತಗಳು ಮ್ಯಾಪ್ ಆಗುವುದಿಲ್ಲ, ಪರೀಕ್ಷೆಯ ವಿಎಂನಲ್ಲಿ ಸೆಕ್ಯೂರ್ ಬೂಟನ್ನು ನಿಲ್ಲಿಸಿಕೊಳ್ಳಿ. ಬರೆಯುವ ಜಾಗ ಬರಿ ಮಾಹಿತಿಯದು ಎಂದು ಮೊದಲ ಹಂತದ ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ. ವಿಡಿಯೋ ಮೆಮೊರಿಯಾದರೆ ಸರಿ, ಫ್ಲ್ಯಾಶ್ ಚಿಪ್‌ಗೆ ಹೋಗುವ ಕಿಂಡಿಯಾದರೆ ಕಾರ್ಡೇ ಕೆಡಬಹುದು.

ಒಂದು ಚಿಕ್ಕ ಸಿ ಪ್ರೋಗ್ರಾಮಿನಲ್ಲಿ ಎರಡೂ ಕಡತಗಳನ್ನು ಒಂದಾದ ಮೇಲೊಂದು ಮ್ಯಾಪ್ ಮಾಡಿ, ಅಲೈನ್ ಆದ ಎಂಟು ಬೈಟ್‌ಗಳ ಬರಹಗಳನ್ನು ಸಾಲಾಗಿ ಕೆಲವು ಮೆಗಾಬೈಟ್‌ವರೆಗೆ ಮಾಡಿ, ಕೊನೆಗೆ ಒಂದು ಓದು ಮಾಡಿ ಸಮಯ ನೋಡಿ. ಕೊನೆಯ ಓದು ಮರೆಯಬೇಡಿ. ಪಿಸಿಐ ಬರಹಗಳಿಗೆ ಉತ್ತರ ಬರುವುದಿಲ್ಲ, ಓದು ಮಾತ್ರ ಹಿಂದಿನ ಬರಹಗಳೆಲ್ಲ ತಲುಪುವವರೆಗೂ ಕಾಯಿಸುತ್ತದೆ. ಓದುವ ವೇಗವನ್ನು ಅಳೆದು ಬೇಸರ ಮಾಡಿಕೊಳ್ಳಬೇಡಿ, ಕ್ಯಾಶ್ ಇಲ್ಲದ ಓದು ಹೋಸ್ಟ್‌ನಲ್ಲೂ ನಿಧಾನವೇ.

ಹೋಸ್ಟ್‌ನಲ್ಲಿ ಡಬ್ಲ್ಯುಸಿ ಕಡತ ಹಲವು ಪಟ್ಟು ವೇಗ, ಗೆಸ್ಟ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ವೇಗ ಎಂದಾದರೆ ಕೆವಿಎಂನ ಟೇಬಲ್ ನಿಮ್ಮ ಗುಣವನ್ನು ನುಂಗುತ್ತಿದೆ, ಹೋಸ್ಟ್ ಕರ್ನಲ್ ನೋಡಿ. ಗೆಸ್ಟ್‌ನಲ್ಲಿ ಎರಡೂ ಕಡತ ಊಹೆಗೂ ಸಿಗದಷ್ಟು ನಿಧಾನವಾದರೆ ಮೂರನೇ ಹಂತದ ತಡೆ. ಹೋಸ್ಟ್‌ನಲ್ಲೇ ಎರಡೂ ಒಂದೇ ಆದರೆ ಆ ಪ್ರೊಸೆಸರ್ ಕೂಡಿಸುತ್ತಿಲ್ಲ, ವಿಎಂಗೆ ಸಂಬಂಧವೇ ಇಲ್ಲ. ಆರ್‌ಡಿಎಂಎ (ಇನ್ನೊಂದು ಯಂತ್ರದ ಮೆಮೊರಿಯನ್ನು ನೇರವಾಗಿ ಮುಟ್ಟುವ) ಕಾರ್ಡಾದರೆ ಪರ್ಫ್‌ಟೆಸ್ಟ್ ಸಂಗ್ರಹದ ಐಬಿ_ರೈಟ್_ಲ್ಯಾಟ್ ಸಣ್ಣ ಸಂದೇಶಗಳ ವಿಳಂಬವನ್ನು ನೇರವಾಗಿ ತೋರಿಸುತ್ತದೆ.

ಕ್ಯಾಶ್ ಮಾಡಬಲ್ಲ ಸಾಧನಗಳು

ಕ್ಯಾಶ್ ಒಂದನ್ನು ಬಿಟ್ಟು ಎಂದು ಮೇಲೆ ಹೇಳಿದೆ. ಅದಕ್ಕೆ ಕಾರಣ ಇದೆ. ಸಾಮಾನ್ಯ ಪಿಸಿಐ ಸಾಧನದ ವಿಳಾಸವನ್ನು ಕ್ಯಾಶ್‌ಗೆ ತಂದರೆ, ಕ್ಯಾಶ್‌ನಲ್ಲಿ ಉಳಿದ ಸಾಲು ಯಾವಾಗಲೋ, ಗೆಸ್ಟ್ ಸತ್ತ ಮೇಲೂ, ಸಾಧನದ ಮೇಲೆ ಬೀಳಬಹುದು. ಅದು ಯಂತ್ರಮಟ್ಟದ ದೋಷವಾಗಿ ಹೋಸ್ಟನ್ನೇ ಉರುಳಿಸಬಹುದು.

ಎನ್‌ವಿಡಿಯಾದ ಗ್ರೇಸ್ ಹಾಪರ್ ಬೇರೆ ತಳಿ. ಅಲ್ಲಿ ಜಿಪಿಯು ಮೆಮೊರಿ ಎನ್‌ವಿಲಿಂಕ್ ಸಿ2ಸಿ ಕೊಂಡಿಯ ಮೂಲಕ ಪ್ರೊಸೆಸರ್‌ನೊಂದಿಗೆ ಕ್ಯಾಶ್ ಹೊಂದಾಣಿಕೆ ಇಟ್ಟುಕೊಂಡಿದೆ. ಅದನ್ನು ರ‍್ಯಾಮ್‌ನಂತೆಯೇ ಕ್ಯಾಶ್ ಮಾಡಬಹುದು, ಮಾಡಲೇಬೇಕು. ಇದಕ್ಕೆಂದೇ ಎನ್‌ವಿಗ್ರೇಸ್ ಜಿಪಿಯು ವಿಎಫ್‌ಐಒ ಡ್ರೈವರ್ 6.9ರಲ್ಲಿ ಬಂತು. ಆ ಮೆಮೊರಿಯನ್ನು ಅದು ಗೆಸ್ಟ್‌ಗೆ ಬಾರ್‌ಗಳ ರೂಪದಲ್ಲಿ ತೋರಿಸುತ್ತದೆ. ಹೋಸ್ಟ್ ಕ್ಯಾಶ್ ಆಗುವಂತೆ ಮ್ಯಾಪ್ ಮಾಡಿದ ಸಾಧನ ಮೆಮೊರಿಯನ್ನು ಗೆಸ್ಟ್‌ಗೂ ಹಾಗೆಯೇ ಕೊಡುವ ಬೆಂಬಲ ಆರ್ಮ್ ಕೆವಿಎಂಗೆ ಸೇರಿದ್ದು 6.17ರಲ್ಲಿ. ಅದಕ್ಕೆ ಪ್ರೊಸೆಸರ್‌ನಲ್ಲಿ ಎಫ್‌ಡಬ್ಲ್ಯುಬಿ ಎಂಬ ಸೌಲಭ್ಯ ಬೇಕು. ಆರ್ಮ್ 8.4ರಲ್ಲಿ ಬಂದ ಅದು ಕೆವಿಎಂನ ಟೇಬಲ್‌ಗೆ ರೈಟ್ ಬ್ಯಾಕ್ ಗುಣವನ್ನು ಹೇರುವ ಅಧಿಕಾರ ಕೊಡುತ್ತದೆ. ಸೂಚನಾ ಕ್ಯಾಶನ್ನು ಪ್ರತ್ಯೇಕವಾಗಿ ಖಾಲಿ ಮಾಡಬೇಕಿಲ್ಲ ಎನ್ನುವ ಡಿಐಸಿ ಗುರುತೂ ಇರಬೇಕು. ಎರಡೂ ಇದ್ದರೆ ಹೋಸ್ಟ್ ಕರ್ನಲ್ ಪುಟ ಪುಟವಾಗಿ ಕ್ಯಾಶ್ ತೊಳೆಯುವ ಅಗತ್ಯ ಬೀಳುವುದಿಲ್ಲ. ಸಾಧನ ಮೆಮೊರಿಗೆ ಹೋಸ್ಟ್ ಕರ್ನಲ್‌ನಲ್ಲಿ ಸಾಮಾನ್ಯ ಮ್ಯಾಪಿಂಗೇ ಇಲ್ಲವಾದ್ದರಿಂದ ತೊಳೆಯುವುದಕ್ಕೂ ದಾರಿ ಇಲ್ಲ.

ಇಂಟೆಲ್ ಹೋಸ್ಟ್‌ನಲ್ಲಿ ರ‍್ಯಾಮ್‌ನ ಕಥೆ

ಇಂಟೆಲ್‌ನಲ್ಲಿ ಸಾಧನ ಮೆಮೊರಿಗಿಂತ ಗೆಸ್ಟ್‌ನ ರ‍್ಯಾಮ್ ಗುಣ ಹೆಚ್ಚು ಗೋಜಲು. ಸಾಮಾನ್ಯವಾಗಿ ಕೆವಿಎಂ ಅಲ್ಲಿ ಗೆಸ್ಟ್ ಏನೇ ಕೇಳಿದರೂ ರ‍್ಯಾಮ್‌ಗೆ ರೈಟ್ ಬ್ಯಾಕ್ ಹೇರುತ್ತದೆ. ಕ್ಯಾಶನ್ನು ಇಣುಕದೆ ಡಿಎಂಎ ಮಾಡಬಲ್ಲ ಸಾಧನ ಸೇರಿದರೆ, ಮತ್ತು ಐಒಎಂಎಂಯು ಅದನ್ನು ತಡೆಯಲಾರದಿದ್ದರೆ, ಗೆಸ್ಟ್‌ನ ಪ್ಯಾಟ್‌ಗೆ ಮನ್ನಣೆ ಕೊಡುತ್ತದೆ. ಸಾಧನ ಆ ಬಗೆಯದೇ ಎಂದು ಎಲ್‌ಎಸ್‌ಪಿಸಿಐ ವರದಿಯ ನೋಸ್ನೂಪ್ ಗುರುತು ನೋಡಿ ತಿಳಿಯಬಹುದು. 6.11ರ ತಯಾರಿಯಲ್ಲಿ, ಸ್ವಯಂ ಇಣುಕುವ ಪ್ರೊಸೆಸರ್‌ಗಳಲ್ಲಿ ಸದಾ ಗೆಸ್ಟ್ ಮಾತೇ ನಡೆಯಲಿ ಎಂದು ಬದಲಿಸಿದರು, ಆಮೇಲೆ ಹಿಂದೆ ತೆಗೆದರು. ಬೋಕ್ಸ್ ಗ್ರಾಫಿಕ್ಸ್‌ನ (ಕ್ಯೂಇಎಂಯು ಅನುಕರಿಸುವ ಡಿಸ್‌ಪ್ಲೇ ಕಾರ್ಡಿನ) ಗೆಸ್ಟ್ ಡ್ರೈವರ್ ವಿಡಿಯೋ ರ‍್ಯಾಮನ್ನು ರೈಟ್ ಕಂಬೈನಿಂಗ್ ಎನ್ನುವ ಬದಲು ಅನ್‌ಕ್ಯಾಶ್ಡ್ ಎಂದು ಕೇಳುತ್ತಿತ್ತು. ಕೇಳಿದ್ದು ಸಿಕ್ಕಾಗ ಪರದೆ ಆಮೆಗತಿಗೆ ಇಳಿಯಿತು. 6.16ರಿಂದ ಇದು ಆಯ್ಕೆಯ ವಿಷಯ, ಕೆವಿಎಂ_ಎಕ್ಸ್86_ಕ್ವರ್ಕ್_ಇಗ್ನೋರ್_ಗೆಸ್ಟ್_ಪ್ಯಾಟ್ ಎಂಬ ವರ್ತನೆಯನ್ನು ವಿಎಂ ನಡೆಸುವ ಪ್ರೋಗ್ರಾಮು ನಿಲ್ಲಿಸಬಹುದು. ಬೋಕ್ಸ್ ಗ್ರಾಫಿಕ್ಸ್ ಕೊಡದ ವಿಎಂಗಳಲ್ಲಿ ನಿಲ್ಲಿಸುವುದಕ್ಕೆ ಅಡ್ಡಿಯಿಲ್ಲ.

ವಿಎಂ ಹೋಸ್ಟ್ ಬದಲಿಸಿದರೆ

ವಿಎಫ್‌ಐಒ ಸಾಧನ ಇಟ್ಟುಕೊಂಡೇ ವಿಎಂ ವಲಸೆ ಹೋಗುವುದು ಈಗ ಕೆಲವು ಕಾರ್ಡುಗಳಲ್ಲಿ ಸಾಧ್ಯ. ಹಾಗಾಗಿ ಆರ್ಮ್ ಗುಂಪಿನಲ್ಲಿ ಅರ್ಧ ಯಂತ್ರಗಳು 6.9 ದಾಟಿ, ಉಳಿದರ್ಧ ಹಳೆಯದರಲ್ಲೇ ಇರುವ ಸ್ಥಿತಿಯನ್ನು ಬಹಳ ಕಾಲ ಬಿಡಬೇಡಿ. ಡ್ರೈವರ್ ಶುರುವಾಗುವಾಗ ರೈಟ್ ಕಂಬೈನಿಂಗ್ ನಡೆಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ ಆ ಉತ್ತರವನ್ನೇ ಕೊನೆಯವರೆಗೂ ನಂಬುವುದುಂಟು. ಹೊಸ ಹೋಸ್ಟ್‌ನಲ್ಲಿ ಹೌದು ಎಂಬ ಉತ್ತರ ಪಡೆದು ಹಳೆಯ ಹೋಸ್ಟ್‌ಗೆ ಹೋದರೆ ವೇಗ ಕುಸಿಯುತ್ತದೆ. ಅಲೈನ್ ಆಗದ ಬರಹ ಮಾಡುವ ಡ್ರೈವರ್ ಆಗಿದ್ದರೆ ಅಲೈನ್‌ಮೆಂಟ್ ಫಾಲ್ಟ್ ಬರುತ್ತದೆ, ಅದೂ ಬೂಟ್ ಆದ ಎಷ್ಟೋ ದಿನಗಳ ನಂತರ. ವಲಸೆಯ ನಿಯಮಗಳಲ್ಲಿ ಹೋಸ್ಟ್ ಕರ್ನಲ್ ಆವೃತ್ತಿಯನ್ನೂ ಒಂದು ಷರತ್ತಾಗಿ ಸೇರಿಸಿ. ಗುಂಪಿನ ಎಲ್ಲ ಯಂತ್ರಗಳೂ ಏರುವವರೆಗೆ ಪಾಸ್‌ಥ್ರೂ ವಿಎಂಗಳನ್ನು ಹಳೆಯದರಿಂದ ಹೊಸದಕ್ಕೆ ಮಾತ್ರ ಕಳಿಸಿ.